ಮನೆ ಬಾಗಿಲಿಂದ ಬೂತ್ ಬಾಗಿಲವರೆಗೆ: ಬೆಂಗಳೂರಿನ ವಾರ್ಡ್ ಚುನಾವಣೆಗೆ ಸಣ್ಣ ಪಕ್ಷದ ಕಾರ್ಯಕರ್ತರ ಕೈಪಿಡಿ

2015ರ ಆಗಸ್ಟ್ 22, ಶನಿವಾರ. ಬಿ.ಬಿ.ಎಂ.ಪಿ. (ಬೆಂಗಳೂರಿನ ಹಳೆ ಪಾಲಿಕೆ) ಚುನಾವಣೆಯ ದಿನ. ಹನುಮಂತನಗರದ ಕಡೆ ಒಂದು ಶಾಲೆಯಿಂದ ಸ್ವಲ್ಪ ದೂರದಲ್ಲಿ ಮೇಜು ಹಾಕಿಕೊಂಡು ಕೂತಿದ್ದೆ. ನಮ್ಮದು ಸಣ್ಣ ಪಕ್ಷ. ಕೈಯಲ್ಲಿ ಒಂದು ನೋಟ್‌ಬುಕ್ ಇತ್ತು. "ಖಂಡಿತ ನಿಮಗೇ ಹಾಕ್ತೀವಿ" ಎಂದು ಮಾತು ಕೊಟ್ಟಿದ್ದವರ ಹೆಸರುಗಳೆಲ್ಲ ಅದರಲ್ಲಿದ್ದವು. ಸಂಜೆ ಮತದಾನ ಮುಗಿದಾಗ ನೋಡಿದರೆ ಅರ್ಧದಷ್ಟು ಹೆಸರಿಗೂ ಟಿಕ್ ಬಿದ್ದಿರಲಿಲ್ಲ.

ಆಮೇಲೆ ಒಂದು ವಾರ ಆ ಮನೆಗಳಿಗೆ ಹೋಗಿ ವಿಚಾರಿಸಿದೆ. ಒಬ್ಬರಿಗೆ ಬೂತ್ ಎಲ್ಲಿ ಅಂತ ಸಿಕ್ಕಿರಲಿಲ್ಲ. ಒಬ್ಬರ ಹೆಸರೇ ಲಿಸ್ಟ್‌ನಲ್ಲಿ ಇರಲಿಲ್ಲ. ಇನ್ನೊಂದು ಮನೆಯವರು ವಾರದ ಕೊನೆ ಅಂತ ಊರಿಗೆ ಹೋಗಿದ್ದರು. ಒಬ್ಬ ಅಜ್ಜಿ ಮಾತ್ರ ನೇರವಾಗಿ ಹೇಳಿದರು: "ನೀವು ಗೆಲ್ಲಲ್ಲ ಅಲ್ವಾಪ್ಪ, ಅದಕ್ಕೇ ಸುಮ್ನಿದ್ದೆ." ಬೇರೆಯವರಿಗೆ ಹಾಕಿದೆ ಎಂದವರು ತೀರಾ ಕಮ್ಮಿ. ನಮ್ಮನ್ನು ಒಪ್ಪಿಕೊಂಡಿದ್ದವರು ಮನೆಯಲ್ಲೇ ಉಳಿದಿದ್ದರು.

ಬೆಂಗಳೂರಿನ ಐದು ಪಾಲಿಕೆಗಳ ಮೊದಲ ಚುನಾವಣೆಗೆ ತಯಾರಾಗುತ್ತಿರುವ ಸಣ್ಣ ಪಕ್ಷಗಳ ಕಾರ್ಯಕರ್ತರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಭಾಷಣ, ಬ್ಯಾನರ್, ರೋಡ್ ಶೋ ಇದರಲ್ಲಿ ಇಲ್ಲ. ಈಗಾಗಲೇ ನಮ್ಮ ಕಡೆ ಇರುವವರು ಬೂತ್ ತಲುಪುವಂತೆ ಮಾಡುವುದು ಹೇಗೆ ಎಂಬುದಷ್ಟೇ ಇದೆ.

ಮೊದಲು ಲೆಕ್ಕ ಹಾಕಿ

2010ರ ಪಾಲಿಕೆ ಚುನಾವಣೆಯಲ್ಲಿ ಮತ ಹಾಕಿದವರು ಸುಮಾರು ಶೇ. 44. 2015ರಲ್ಲಿ ಸುಮಾರು ಶೇ. 49. ಲೋಕಸಭೆಗೂ ನಮ್ಮೂರಿನವರು ಅಷ್ಟಕ್ಕಷ್ಟೆ. 2024ರಲ್ಲಿ ಬೆಂಗಳೂರು ದಕ್ಷಿಣ, ಕೇಂದ್ರ, ಉತ್ತರ ಮೂರೂ ಶೇ. 53–54ರ ಆಸುಪಾಸಿನಲ್ಲೇ ನಿಂತವು.

ಇದು ಊರಿಗೆ ಬೇಜಾರಿನ ವಿಷಯ. ಆದರೆ ಸಣ್ಣ ಪಕ್ಷಕ್ಕೆ ಇದರಲ್ಲೇ ದಾರಿ ಇದೆ. ಒಂದು ವಾರ್ಡ್‌ನಲ್ಲಿ 20,000 ಮತದಾರರು ಇದ್ದಾರೆ ಎಂದಿಟ್ಟುಕೊಳ್ಳಿ. ಅರ್ಧ ಜನ ಬಂದರೆ 10,000 ಮತ. ಅದು ನಾಲ್ಕೈದು ಕಡೆ ಹಂಚಿಹೋದರೆ 3,500–4,000 ಮತಕ್ಕೆ ಒಬ್ಬರು ಗೆದ್ದುಬಿಡಬಹುದು. ವಿಧಾನಸಭೆ ಕ್ಷೇತ್ರದಲ್ಲಿ ಇಷ್ಟು ಮತ ಲೆಕ್ಕಕ್ಕೇ ಬರುವುದಿಲ್ಲ. ವಾರ್ಡ್‌ನಲ್ಲಿ ಇಷ್ಟೇ ಸಾಕು. ನಮಗೆ 4,500 ಜನ ಒಲವು ತೋರಿಸಿದರೆ, ಅವರಲ್ಲಿ 2,000 ಜನ ಬರುತ್ತಾರೋ 3,800 ಜನ ಬರುತ್ತಾರೋ ಎಂಬುದರ ಮೇಲೆ ಎಲ್ಲ ನಿಂತಿದೆ.

ಈಗ ನಿಮ್ಮ ಕಾರ್ಯಕರ್ತರನ್ನು ಎಣಿಸಿ. ಫೋಟೋಗೆ ನಿಲ್ಲುವವರನ್ನಲ್ಲ, ಮತದಾನದ ದಿನ ಬೆಳಗ್ಗೆ ಆರಕ್ಕೆ ಬರುವವರನ್ನು. ಒಳಗೆ ಕೂರುವ ಏಜೆಂಟ್ ಬಿಟ್ಟು, ಒಂದು ಬೂತ್‌ಗೆ ಕನಿಷ್ಠ ಇಬ್ಬರು ಬೇಕು. ವಾರ್ಡ್‌ನಲ್ಲಿ ಇಪ್ಪತ್ತು ಬೂತ್ ಇದ್ದು ನಿಮ್ಮಲ್ಲಿ ಹದಿನಾರು ಜನ ಇದ್ದರೆ, ಎಂಟು ಬೂತ್ ಆರಿಸಿಕೊಂಡು ಅಲ್ಲಿ ಚೆನ್ನಾಗಿ ಕೆಲಸ ಮಾಡಿ. ಇಪ್ಪತ್ತರಲ್ಲೂ ಅರೆಬರೆ ಮಾಡಿದರೆ ಎಲ್ಲೂ ಫಲ ಸಿಗುವುದಿಲ್ಲ. ನಾವು 2015ರಲ್ಲಿ ಮಾಡಿದ ತಪ್ಪೇ ಅದು. ಯಾವ ಎಂಟು ಬೂತ್? ನಿಮ್ಮ ಜನ ವಾಸ ಇರುವ ಬೀದಿಗಳವು. ನೀರಿಗೋ ಕಸಕ್ಕೋ ರಾಜಕಾಲುವೆಗೋ ನೀವು ಈಗಾಗಲೇ ಓಡಾಡಿದ ಬೀದಿಗಳವು.

ವಾರ್ಡ್ ಯಾವುದು ಎಂಬುದೇ ಜನಕ್ಕೆ ಗೊತ್ತಿಲ್ಲ

ಅದರಲ್ಲಿ ಜನರ ತಪ್ಪೇನೂ ಇಲ್ಲ. ಹಳೆ ಪಾಲಿಕೆಯಲ್ಲಿ 198 ವಾರ್ಡ್ ಇದ್ದವು. ಆಮೇಲೆ ಕಾಗದದ ಮೇಲೆ 243 ಆಯಿತು, ನಂತರ 225 ಆಯಿತು. ಯಾವುದಕ್ಕೂ ಚುನಾವಣೆ ನಡೆಯಲಿಲ್ಲ. 2015ರಲ್ಲಿ ಗೆದ್ದವರ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಗ್ರೇಟರ್ ಬೆಂಗಳೂರು ಕಾನೂನು ಬಂದ ಮೇಲೆ 2025ರ ಸೆಪ್ಟೆಂಬರ್‌ನಲ್ಲಿ ಕೇಂದ್ರ, ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಎಂದು ಐದು ಪಾಲಿಕೆ ಆದವು. ಈಗ ಒಟ್ಟು 369 ವಾರ್ಡ್.

ಆದ್ದರಿಂದ ಮನೆಗೆ ಹೋದಾಗ ಮೊದಲ ಮಾತು ಪಕ್ಷದ್ದಾಗಬಾರದು. "ಅಮ್ಮ, ನಿಮ್ಮದು ಈಗ ಈ ಪಾಲಿಕೆ, ಈ ವಾರ್ಡ್" ಎಂದು ಹೇಳಿ, ಗಡಿ ಗುರುತು ಮಾಡಿದ ಒಂದು ನಕ್ಷೆ ತೋರಿಸಿ. ಎದುರು ಸಾಲಿನ ಮನೆ ಬೇರೆ ವಾರ್ಡ್‌ಗೆ ಹೋಗಿದ್ದರೆ ಅದನ್ನೂ ಹೇಳಿ. ಜನ ಆಸಕ್ತಿಯಿಂದ ಕೇಳುತ್ತಾರೆ. ಅಲ್ಲಿಂದಲೇ ಮಾತು ಬೆಳೆಯುತ್ತದೆ.

ಇನ್ನೊಂದು ವಿಷಯ. 2015ರ ಆಗಸ್ಟ್ ಆದಮೇಲೆ 18 ತುಂಬಿದ ಯಾರೂ ಆ ಚುನಾವಣೆಯಲ್ಲಿ ಕಾರ್ಪೊರೇಟರ್‌ಗೆ ಮತ ಹಾಕಿಲ್ಲ. ಮದುವೆಯಾಗಿ ಮಗು ಇರುವವರೂ ಇವರಲ್ಲಿದ್ದಾರೆ. ಬೀದಿ ದೀಪ, ಮೋರಿ, ಕಸದ ಆಟೋ ಯಾರ ಜವಾಬ್ದಾರಿ ಎಂದು ಕೇಳಿದರೆ ಎಂ.ಎಲ್.ಎ. ಎನ್ನುತ್ತಾರೆ. ಅವರಿಗೆ ಐದು ನಿಮಿಷ ಜಾಸ್ತಿ ಕೊಡಿ.

ವೋಟರ್ ಲಿಸ್ಟ್: ಅರ್ಧ ಕೆಲಸ ಇಲ್ಲೇ ಇದೆ

ಇಲ್ಲಿ ನಿಧಾನವಾಗಿ ಓದಿ. ಬಹಳಷ್ಟು ಸಣ್ಣ ಪಕ್ಷಗಳು ಚುನಾವಣೆ ಘೋಷಣೆ ಆದಮೇಲೆ ಲಿಸ್ಟ್ ಕೈಗೆತ್ತಿಕೊಳ್ಳುತ್ತವೆ. ಅಷ್ಟು ಹೊತ್ತಿಗೆ ತಡವಾಗಿರುತ್ತದೆ.

ಪಾಲಿಕೆ ಚುನಾವಣೆ ನಡೆಸುವುದು ರಾಜ್ಯ ಚುನಾವಣಾ ಆಯೋಗ. ಅದು ಕೇಂದ್ರದ ಭಾರತ ಚುನಾವಣಾ ಆಯೋಗಕ್ಕಿಂತ ಬೇರೆ. ಆದರೆ ವಾರ್ಡ್ ಲಿಸ್ಟ್ ತಯಾರಾಗುವುದು ವಿಧಾನಸಭೆಯ ವೋಟರ್ ಲಿಸ್ಟ್ ಆಧಾರದ ಮೇಲೆ. ಇದರಿಂದ ಎರಡು ವಿಷಯ ನೆನಪಿಡಬೇಕು. ಒಂದು, ಮೂಲ ಲಿಸ್ಟ್‌ನಲ್ಲಿ ಹೆಸರು ಇಲ್ಲದಿದ್ದರೆ ವಾರ್ಡ್ ಲಿಸ್ಟ್‌ನಲ್ಲೂ ಇರುವುದಿಲ್ಲ. ಎರಡು, ವಾರ್ಡ್ ಲಿಸ್ಟ್‌ನಲ್ಲಿ ಬೂತ್ ನಂಬರ್, ಕ್ರಮ ಸಂಖ್ಯೆ ಬದಲಾಗಬಹುದು. ಲೋಕಸಭೆಗೆ ಮತ ಹಾಕಿದ ಶಾಲೆಗೇ ಹೋಗಿ "ಇಲ್ಲಿ ನಿಮ್ಮ ಹೆಸರಿಲ್ಲ" ಎಂದು ಕೇಳಿ ವಾಪಸ್ ಬರುವವರು ಇದೇ ಕಾರಣಕ್ಕೆ ಬರುತ್ತಾರೆ. ಬದಲಾಗದೇ ಇರುವುದು ಎಪಿಕ್ ನಂಬರ್, ಅಂದರೆ ವೋಟರ್ ಐಡಿ ಕಾರ್ಡ್‌ನ ನಂಬರ್ ಮಾತ್ರ. ನಿಮ್ಮ ನೋಟ್‌ಬುಕ್‌ನಲ್ಲಿ ಹೆಸರಿನ ಪಕ್ಕ ಅದನ್ನೇ ಬರೆದುಕೊಳ್ಳಿ.

ಮಾಡಬೇಕಾದ ಕೆಲಸ ಹೀಗಿದೆ. ಆರಿಸಿಕೊಂಡ ಬೂತ್‌ಗಳ ಲಿಸ್ಟ್ ಇಳಿಸಿಕೊಂಡು ಪ್ರಿಂಟ್ ತೆಗೆಯಿರಿ. ಮೊಬೈಲ್‌ನಲ್ಲೇ ನೋಡುತ್ತೇವೆ ಎಂದರೆ ಆಗುವುದಿಲ್ಲ, ಬೀದಿಯಲ್ಲಿ ನಿಂತಾಗ ಕಾಗದವೇ ಬೇಕು. ಮನೆ ನಂಬರ್ ಪ್ರಕಾರ ಬೀದಿಗೆ ಹೊಂದಿಸಿಕೊಳ್ಳಿ. ಬೆಂಗಳೂರಿನಲ್ಲಿ ಇದು ತಲೆನೋವಿನ ಕೆಲಸ. ಹಳೆ ನಂಬರ್, ಹೊಸ ನಂಬರ್, ಅದೇ ಮೇನ್, ಬೇರೆ ಕ್ರಾಸ್. ಆ ಬೀದಿಯಲ್ಲಿ ಹುಟ್ಟಿ ಬೆಳೆದ ಒಬ್ಬರನ್ನು, ಇಲ್ಲವೇ ಹಾಲು, ಪೇಪರ್ ಹಾಕುವವರನ್ನು ಜೊತೆಗೆ ಕೂರಿಸಿಕೊಳ್ಳಿ. ಎರಡು ಗಂಟೆಯಲ್ಲಿ ಮುಗಿಯುತ್ತದೆ.

ಆಮೇಲೆ ಲಿಸ್ಟ್ ಹಿಡಿದು ಮನೆ ಮನೆಗೆ ಹೋಗಿ. ತೀರಿಕೊಂಡವರು, ಮನೆ ಬಿಟ್ಟು ಹೋದವರು, ಎರಡು ಕಡೆ ಹೆಸರಿರುವವರು ಸಿಗುತ್ತಾರೆ. ಗಂಡನ ಹೆಸರು ಒಂದು ಬೂತ್‌ನಲ್ಲಿ, ಹೆಂಡತಿಯದು ಇನ್ನೊಂದರಲ್ಲಿ ಇರುತ್ತದೆ. ಮನೆಯಲ್ಲಿ ವಾಸ ಇದ್ದೂ ಲಿಸ್ಟ್‌ನಲ್ಲಿ ಇಲ್ಲದವರು ನಮಗೆ ಎಲ್ಲಕ್ಕಿಂತ ಮುಖ್ಯ. ಮೊದಲ ಸಲ ಸೇರುವವರಿಗೆ ಫಾರ್ಮ್ 6. ಮನೆ ಬದಲಾಯಿಸಿದವರಿಗೆ, ಹೆಸರು ಅಥವಾ ವಯಸ್ಸು ತಪ್ಪಾಗಿರುವವರಿಗೆ ಫಾರ್ಮ್ 8. ಹೆಸರು ತೆಗೆಸಲು ಫಾರ್ಮ್ 7. ಆನ್‌ಲೈನ್‌ನಲ್ಲೂ ಹಾಕಬಹುದು, ಬೂತ್ ಮಟ್ಟದ ಅಧಿಕಾರಿಗೂ ಕೊಡಬಹುದು. ಸಹಾಯಕ್ಕೆ 1950 ನಂಬರ್ ಇದೆ. 18 ತುಂಬಿದವರು ಜನವರಿವರೆಗೆ ಕಾಯಬೇಕಿಲ್ಲ. 2022ರಿಂದ ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1 ಹೀಗೆ ವಯಸ್ಸಿನ ಲೆಕ್ಕಕ್ಕೆ ವರ್ಷಕ್ಕೆ ನಾಲ್ಕು ದಿನಾಂಕ ಇವೆ.

ಫಾರ್ಮ್ 7 ಬಗ್ಗೆ ಒಂದು ಮಾತು. ಎದುರಾಳಿ ಪಕ್ಷದವರ ಹೆಸರು ತೆಗೆಸಲು ಅದನ್ನು ಬಳಸಬೇಡಿ. ಇನ್ನೊಬ್ಬರ ಮತದ ಹಕ್ಕು ಕಿತ್ತು ನಾವು ಬೆಳೆಯುವುದು ಬೇಡ. ನಿಜವಾಗಿ ತೀರಿಕೊಂಡವರ ಮನೆಯವರೇ ಕೇಳಿದರೆ ಸಹಾಯ ಮಾಡಿ, ಅಷ್ಟೇ.

ವಾರ್ಡ್‌ನ ಕರಡು ಲಿಸ್ಟ್ ಬಂದಾಗ ಆಕ್ಷೇಪಣೆಗೆ ಕೆಲವೇ ದಿನ ಸಮಯ ಕೊಡುತ್ತಾರೆ. ಆ ದಿನಗಳಲ್ಲಿ ಬೇರೆ ಯಾವ ಕೆಲಸವನ್ನೂ ಇಟ್ಟುಕೊಳ್ಳಬೇಡಿ. ನಿಮ್ಮ ನೋಟ್‌ಬುಕ್‌ನ ಎಪಿಕ್ ನಂಬರ್‌ಗಳು ಕರಡಿನಲ್ಲಿ ಇವೆಯೇ, ಸರಿಯಾದ ವಾರ್ಡ್‌ನಲ್ಲೇ ಇವೆಯೇ ಎಂದು ಒಂದೊಂದಾಗಿ ನೋಡಿ. ಗಡಿ ಬೀದಿಯ ಇಡೀ ಸಾಲು ಪಕ್ಕದ ವಾರ್ಡ್‌ಗೆ ಹೋಗಿಬಿಟ್ಟಿರಬಹುದು. ಅಂಥ ತಪ್ಪು ಕಂಡರೆ ಬಾಯಲ್ಲಿ ಹೇಳಿ ಸುಮ್ಮನಾಗಬೇಡಿ. ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ.

ಬಾಗಿಲಲ್ಲಿ ಏನು ಮಾತಾಡಬೇಕು

ಹೋಗುವ ಹೊತ್ತು ಸಂಜೆ ಆರರಿಂದ ಎಂಟೂವರೆ, ಭಾನುವಾರ ಬೆಳಗ್ಗೆ ಹತ್ತರ ಮೇಲೆ. ಇಬ್ಬರು ಹೋಗಿ. ಒಬ್ಬರು ಹೆಂಗಸರಾಗಿದ್ದರೆ ಒಳ್ಳೆಯದು. ಬಾಗಿಲು ತೆಗೆದವರು ಯಾರೇ ಆಗಲಿ, ಮಾತು ನೀರು, ಕಸ, ಇ-ಖಾತಾ, ಗುಂಡಿಯಿಂದ ಶುರುವಾಗಲಿ. ನೀವು ಜಾಸ್ತಿ ಕೇಳಿಸಿಕೊಳ್ಳಿ, ಕಮ್ಮಿ ಮಾತಾಡಿ.

ಹೊರಗೆ ಬಂದ ತಕ್ಷಣ ನೋಟ್‌ಬುಕ್‌ನಲ್ಲಿ ಒಂದು ಗುರುತು ಹಾಕಿ. ಒಂದು ಅಂದರೆ ಖಂಡಿತ ನಮ್ಮವರು. ಎರಡು ಅಂದರೆ ಒಲವಿದೆ, ಅನುಮಾನವೂ ಇದೆ. ಮೂರು ಅಂದರೆ ಬೇರೆಯವರು. ಇದಕ್ಕಿಂತ ಜಾಸ್ತಿ ವಿಂಗಡಣೆ ಬೇಡ. ಮತ್ತೆ, ನಿಮಗೆ ನೀವೇ ಸುಳ್ಳು ಹೇಳಿಕೊಳ್ಳಬೇಡಿ. ಕಾಫಿ ಕೊಟ್ಟು ನಗುನಗುತ್ತಾ ಮಾತಾಡಿದವರೆಲ್ಲ "ಒಂದು" ಅಲ್ಲ. ನಮ್ಮೂರಿನ ಜನ ಮನೆಗೆ ಬಂದವರಿಗೆ ಇಲ್ಲ ಎನ್ನುವುದಿಲ್ಲ. ಆ ಮರ್ಯಾದೆಯನ್ನು ಮತ ಎಂದು ಎಣಿಸಿಯೇ ನನ್ನ ಹಳೆ ನೋಟ್‌ಬುಕ್ ಅಷ್ಟು ದಪ್ಪ ಆಗಿತ್ತು.

ಈಗ ಆ ಅಜ್ಜಿಯ ಪ್ರಶ್ನೆ. "ನೀವು ಗೆಲ್ಲಲ್ಲ ಅಲ್ವಾ, ವೋಟು ವೇಸ್ಟ್ ಆಗಲ್ವಾ?" ದೊಡ್ಡ ಪಕ್ಷದವರಿಗೆ ಈ ಪ್ರಶ್ನೆ ಬರುವುದಿಲ್ಲ. ನಮಗೆ ಮನೆಮನೆಯಲ್ಲೂ ಬರುತ್ತದೆ. "ಗೆದ್ದೇ ಗೆಲ್ತೀವಿ" ಎಂದು ಬಡಾಯಿ ಕೊಚ್ಚಬೇಡಿ. ಲೆಕ್ಕ ಹೇಳಿ. ಇಡೀ ವಾರ್ಡ್‌ಗೆ ಎಷ್ಟು ಮತ ಸಾಕು, ಈ ಬೀದಿಯಲ್ಲಿ ಎಷ್ಟು ಜನ ನಮ್ಮ ಜೊತೆ ಇದ್ದಾರೆ ಎಂದು ತೋರಿಸಿ. ಹೆಸರು ಹೇಳಬೇಡಿ, ಸಂಖ್ಯೆ ಸಾಕು. 2015ರ ಕಥೆಯನ್ನೂ ಹೇಳಬಹುದು. 198ರಲ್ಲಿ ಬಿಜೆಪಿ 100, ಕಾಂಗ್ರೆಸ್ 76, ಜೆಡಿಎಸ್ 14 ಗೆದ್ದವು. ಉಳಿದ ಎಂಟು ಸೀಟು ಪಕ್ಷೇತರರು ಮತ್ತು ಇತರರಿಗೆ ಹೋದವು. ಮೇಯರ್ ಆಯ್ಕೆಯಲ್ಲಿ ಶಾಸಕರು, ಸಂಸದರೂ ಮತ ಹಾಕುತ್ತಿದ್ದುದರಿಂದ 100 ಗೆದ್ದವರಿಗೂ ಪಟ್ಟ ಸಿಗಲಿಲ್ಲ. ಕಾಂಗ್ರೆಸ್–ಜೆಡಿಎಸ್ ಕೂಟ ಮೇಯರ್ ಮಾಡಿತು. ಆಗ ಆ ಬೆರಳೆಣಿಕೆಯ ಪಕ್ಷೇತರರಿಗೆ ಎಷ್ಟು ಬೆಲೆ ಬಂತು ಎಂದು ಊರೆಲ್ಲ ನೋಡಿದೆ. ಒಂದು ಸೀಟು ಸಣ್ಣದಲ್ಲ.

ಹೊರಡುವ ಮುಂಚೆ ಒಂದು ಪ್ರಶ್ನೆ ತಪ್ಪದೇ ಕೇಳಿ: "ಆ ದಿನ ಎಷ್ಟು ಹೊತ್ತಿಗೆ ಹೋಗ್ತೀರ ಅಮ್ಮ? ಯಾರ ಜೊತೆ ಹೋಗ್ತೀರ?" ಅವರು ಯೋಚಿಸಿ "ತಿಂಡಿ ಮುಗಿಸಿ, ಸೊಸೆ ಜೊತೆ, ಒಂಬತ್ತಕ್ಕೆ" ಎಂದರೆ ಅದನ್ನೇ ಬರೆದುಕೊಳ್ಳಿ. ಬಾಯಿಬಿಟ್ಟು ಹೊತ್ತು ಹೇಳಿದವರು ಬರುವುದು ಜಾಸ್ತಿ. ಇದು ನನ್ನ ಅನುಭವ.

ಫೋನ್ ನಂಬರ್ ಬೇಕಾದರೆ ಕೇಳಿ ಪಡೆಯಿರಿ, ಯಾಕೆ ಎಂದು ಹೇಳಿ. ಒಪ್ಪಿಗೆ ಇಲ್ಲದೆ ವಾಟ್ಸ್ಆ್ಯಪ್ ಗುಂಪಿಗೆ ಸೇರಿಸಬೇಡಿ. ಆ ನೋಟ್‌ಬುಕ್‌ನ ಫೋಟೋ ಯಾವ ಗುಂಪಿನಲ್ಲೂ ಹೋಗಬಾರದು.

ವಠಾರ, ಅಪಾರ್ಟ್‌ಮೆಂಟ್, ಪಿ.ಜಿ.

ಮೂರೂ ಬೇರೆ ಬೇರೆ. ವಠಾರದಲ್ಲಿ ಎಲ್ಲರೂ ಗೌರವಿಸುವ ಒಬ್ಬ ಅಕ್ಕ ಇದ್ದೇ ಇರುತ್ತಾರೆ. ಅವರು ಒಪ್ಪಿದರೆ ಎಲ್ಲರನ್ನೂ ಅವರೇ ಹೊರಡಿಸುತ್ತಾರೆ. ಅಪಾರ್ಟ್‌ಮೆಂಟ್‌ನಲ್ಲಿ ಗೇಟ್ ದಾಟುವುದೇ ಕಷ್ಟ. ಸಂಘದವರ ಒಪ್ಪಿಗೆ ಕೇಳಿ, ಪಕ್ಷದ ಬಾವುಟ ಇಲ್ಲದೆ ವೋಟರ್ ಲಿಸ್ಟ್ ನೋಡಿಕೊಡುವ ಮೇಜು ಹಾಕಿ. ಲಿಫ್ಟ್ ಹತ್ತಿರ ಭಾನುವಾರ ಒಂದು ಬೆಳಗ್ಗೆ ಕೂತರೆ ಸಾಕು. ಪಿ.ಜಿ.ಯಲ್ಲಿ ಇರುವ ಹುಡುಗರ ಹೆಸರು ಸಾಮಾನ್ಯವಾಗಿ ಅವರ ಊರಿನ ಲಿಸ್ಟ್‌ನಲ್ಲೇ ಇರುತ್ತದೆ. ಅವರು ಇಲ್ಲಿಗೆ ಬದಲಾಯಿಸಿಕೊಳ್ಳಲು ತಯಾರಿದ್ದರೆ ಫಾರ್ಮ್ 8 ತುಂಬಿಸಿ. ಇಲ್ಲದಿದ್ದರೆ ಅಲ್ಲಿ ಸಮಯ ಕಳೆಯಬೇಡಿ.

ಚಿಹ್ನೆ ಮತ್ತು ಮತಪತ್ರ

ದೊಡ್ಡ ಪಕ್ಷಗಳ ಚಿಹ್ನೆ ಮಕ್ಕಳಿಗೂ ಗೊತ್ತು. ಮಾನ್ಯತೆ ಇಲ್ಲದ ಪಕ್ಷದ ಅಭ್ಯರ್ಥಿಗೆ ಚಿಹ್ನೆ ಖಚಿತ ಆಗುವುದು ನಾಮಪತ್ರ ವಾಪಸ್ ಪಡೆಯುವ ದಿನ ಮುಗಿದ ಮೇಲೆ. ಆಮೇಲೆ ಉಳಿಯುವುದು ಕೆಲವೇ ದಿನ. ಅದಕ್ಕೇ ಮೊದಲಿನಿಂದಲೂ ಅಭ್ಯರ್ಥಿಯ ಹೆಸರನ್ನು ಮುಖದ ಜೊತೆ ಜನರ ಮನಸ್ಸಿನಲ್ಲಿ ಕೂರಿಸಿ. ಚಿಹ್ನೆ ಸಿಕ್ಕ ದಿನವೇ ಪ್ರಿಂಟ್ ಆಗುವಂತೆ ಪ್ರೆಸ್‌ನವರಿಗೆ ಮೊದಲೇ ಹೇಳಿಡಿ. ಕರಪತ್ರದ ಕೆಳಗೆ ಮುದ್ರಕರು, ಪ್ರಕಾಶಕರ ಹೆಸರು ಇರಲಿ. ಬಿಲ್ ಎತ್ತಿಡಿ.

2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಸ್ಥಳೀಯ ಚುನಾವಣೆಗೆ ಮತಪತ್ರವೇ ಇರಲಿ ಎಂದು ಶಿಫಾರಸು ಮಾಡಿತು. ಹಾಗಾಗಿ ಮತಪತ್ರ ಬಳಸುವ ಕ್ರಮವನ್ನು ಜನರಿಗೆ ಕಲಿಸಿಡಿ. ನಲವತ್ತು ದಾಟದ ಬಹಳ ಜನ ಮತಪತ್ರವನ್ನೇ ಕಂಡಿಲ್ಲ. ಅಲ್ಲಿ ಕೊಡುವ ಸೀಲನ್ನು ನಮ್ಮ ಚಿಹ್ನೆ ಇರುವ ಜಾಗದಲ್ಲಿ ಒಂದೇ ಸಲ ಒತ್ತಬೇಕು. ಗೆರೆಯ ಮೇಲೆ ಒತ್ತಬಾರದು. ಹೆಸರು, ಸಹಿ ಏನೂ ಬರೆಯಬಾರದು. ಮೊದಲು ಉದ್ದಕ್ಕೆ ಮಡಚಬೇಕು, ಆಮೇಲೆ ಅಡ್ಡಕ್ಕೆ. ಮೊದಲೇ ಅಡ್ಡ ಮಡಚಿದರೆ ಹಸಿ ಮಸಿ ಇನ್ನೊಂದು ಚಿಹ್ನೆಯ ಮೇಲೆ ಅಂಟಿ ಎಣಿಕೆಯಲ್ಲಿ ತಕರಾರು ಬರಬಹುದು. ಬಿಳಿ ಹಾಳೆಯಲ್ಲಿ ಗೆರೆ ಎಳೆದು ಹಣ್ಣು, ಹೂವಿನ ಚಿತ್ರ ಬರೆದು ಮನೆಯಲ್ಲೇ ಅಭ್ಯಾಸ ಮಾಡಿಸಿ. ಅಜ್ಜ ಅಜ್ಜಿಯರು ಸಂತೋಷದಿಂದ ಮಾಡುತ್ತಾರೆ, ಅವರಿಗೆ ಹಳೆಯದು ನೆನಪಿರುತ್ತದೆ.

ಕೊನೆಯ ವಾರ

ಹೊಸ ಮನೆಗಳಿಗೆ ಹೋಗುವುದನ್ನು ನಿಲ್ಲಿಸಿ. "ಒಂದು", "ಎರಡು" ಗುರುತಿನ ಮನೆಗಳಿಗೆ ಮಾತ್ರ ಹೋಗಿ. ಪ್ರತಿ ಮತದಾರರಿಗೂ ಬೂತ್ ನಂಬರ್, ಕ್ರಮ ಸಂಖ್ಯೆ, ಶಾಲೆಯ ಹೆಸರು, ಕೋಣೆ ಬರೆದ ಚೀಟಿ ಕೊಡಿ. ಬಿಳಿ ಕಾಗದದಲ್ಲಿರಲಿ, ಪಕ್ಷದ ಹೆಸರು, ಚಿಹ್ನೆ ಬೇಡ. ಮತದಾನದ ದಿನ ಅಂಥ ಚೀಟಿ ಹಿಡಿದು ಬಂದರೆ ತೊಂದರೆ ಇರುವುದಿಲ್ಲ. ಚೀಟಿ ಗುರುತಿನ ದಾಖಲೆ ಅಲ್ಲ ಎಂದೂ ಹೇಳಿ. ಎಪಿಕ್ ಕಾರ್ಡ್ ಕಳೆದಿದ್ದರೆ ಆಯೋಗ ಒಪ್ಪಿದ ಬೇರೆ ದಾಖಲೆ ಸಾಕು.

ಮತದಾನದ ದಿನ ಶನಿವಾರ, ಭಾನುವಾರ ಅಥವಾ ಸಾಲು ರಜೆಗೆ ತಾಗಿದ್ದರೆ ಊರಿಗೆ ಹೋಗುವವರನ್ನು ಈಗಲೇ ಕೇಳಿ. "ವೋಟು ಹಾಕಿ ಹನ್ನೊಂದರ ಬಸ್ ಹಿಡೀರಿ ಅಣ್ಣ" ಎಂದು ಬೇಡಿಕೊಳ್ಳಿ. ಬೇಡಿಕೊಳ್ಳುವುದರಲ್ಲಿ ಅವಮಾನ ಇಲ್ಲ.

ದುಡ್ಡು, ಸೀರೆ, ಕುಕ್ಕರ್, ಊಟದ ಕೂಪನ್ ಯಾವುದೂ ಬೇಡ. ಅದು ಅಪರಾಧ. ಇನ್ನೂ ಮುಖ್ಯವಾಗಿ, ಆಟೋ ಮಾಡಿ ಮತದಾರರನ್ನು ಬೂತ್‌ಗೆ ಸಾಗಿಸುವುದನ್ನೂ ಕಾನೂನು ಭ್ರಷ್ಟ ಆಚರಣೆ ಎನ್ನುತ್ತದೆ. ಒಳ್ಳೆಯ ಮನಸ್ಸಿನ ಕಾರ್ಯಕರ್ತರೇ ಈ ತಪ್ಪು ಮಾಡುವುದು. ವಯಸ್ಸಾದವರನ್ನು ಅವರ ಮಗ ತನ್ನ ಗಾಡಿಯಲ್ಲಿ ಕರೆದುಕೊಂಡು ಹೋಗಲಿ. ಅಕ್ಕಪಕ್ಕದವರು ಜೊತೆಯಾಗಿ ನಡೆದುಹೋಗಲಿ. ನೀವು ಆ ಜೋಡಿಗಳನ್ನು ಮೊದಲೇ ಗೊತ್ತು ಮಾಡಿಸಿ.

ಆ ದಿನ

ಬೆಳಗ್ಗೆ ಆರಕ್ಕೆ ಎಲ್ಲರೂ ತಮ್ಮ ಬೂತ್ ಹತ್ತಿರ ಇರಬೇಕು. ಒಳಗೆ ಕೂರುವ ಏಜೆಂಟ್ ನೇಮಕದ ಕಾಗದ, ಲಿಸ್ಟ್, ಪೆನ್, ನೀರು, ತಿಂಡಿ ತೆಗೆದುಕೊಂಡು ಹೋಗಲಿ. ಒಮ್ಮೆ ಒಳಗೆ ಹೋದವರು ಸುಮ್ನೆ ಹೊರಗೆ ಬರುತ್ತಿರಬಾರದು. ಲಿಸ್ಟ್ ಹೊರಗೆ ತರುವುದು, ಮೊಬೈಲ್ ಬಳಸುವುದು ಬೇಡ. ಹೊರಗಿನ ಮೇಜು ಎಷ್ಟು ದೂರ ಇರಬೇಕು ಎಂದು ಚುನಾವಣಾಧಿಕಾರಿಯ ಸೂಚನೆ ನೋಡಿ. ಬೂತ್‌ನ 100 ಮೀಟರ್ ಒಳಗೆ ಯಾರನ್ನೂ ಮತ ಕೇಳುವಂತಿಲ್ಲ.

ಮೇಜಿನಲ್ಲಿ ಒಬ್ಬರು, ಬೀದಿಯಲ್ಲಿ ಒಬ್ಬರು. ಮೇಜಿನವರು ನಮ್ಮ "ಒಂದು" ಗುರುತಿನವರು ಬಂದು ಹೋದ ಹಾಗೆ ಟಿಕ್ ಹಾಕುತ್ತಾರೆ. ಯಾರಿಗೆ ಹಾಕಿದಿರಿ ಎಂದು ಯಾರನ್ನೂ ಕೇಳಬೇಡಿ. ಮೈಸೂರಿನ ಕಾರ್ಖಾನೆಯ ಆ ಮಸಿ ಎಡಗೈ ಬೆರಳಿನ ಮೇಲೆ ಕಂಡರೆ ಸಾಕು.

ಒಂದೊಂದು ಹೊತ್ತಿಗೆ ಒಂದೊಂದು ಬಗೆಯ ಜನ ಬರುತ್ತಾರೆ. ಏಳರಿಂದ ಒಂಬತ್ತು ವಾಕಿಂಗ್ ಹೋಗುವವರು, ಹಿರಿಯರು. ಹತ್ತರ ಮೇಲೆ ಮನೆಯ ಹೆಂಗಸರು. ಮನೆಗೆಲಸಕ್ಕೆ ಹೋಗುವವರು ಹನ್ನೊಂದರ ಮೇಲೆ. ಬೆಳಗ್ಗೆ ಬೇಗ ಕೆಲಸಕ್ಕೆ ಇಳಿಯುವ ಪೌರಕಾರ್ಮಿಕರು, ಮಾರ್ಕೆಟ್‌ನಿಂದ ಹೂವು ತಂದು ಮಾರುವವರು ಮಧ್ಯಾಹ್ನ ಬಿಡುವಾಗುತ್ತಾರೆ. ಹುಡುಗರು ಎದ್ದು ತಯಾರಾಗುವಷ್ಟರಲ್ಲಿ ಹನ್ನೆರಡು ದಾಟಿರುತ್ತದೆ. ಅದಕ್ಕೇ ಎಲ್ಲರಿಗೂ ಏಳಕ್ಕೇ ಫೋನ್ ಮಾಡಬೇಡಿ. ಅವರು ಹೇಳಿದ ಹೊತ್ತಿಗೆ ಅರ್ಧ ಗಂಟೆ ಮುಂಚೆ ಮಾಡಿ.

ಹನ್ನೊಂದಕ್ಕೆ ಒಮ್ಮೆ, ಎರಡಕ್ಕೆ ಒಮ್ಮೆ ಟಿಕ್ ಬೀಳದ ಹೆಸರು ತೆಗೆದು ಬೀದಿಯಲ್ಲಿ ಇರುವವರಿಗೆ ಕೊಡಿ. ಅವರು ಆ ಬಾಗಿಲಿಗೆ ಹೋಗಬೇಕು. ಫೋನ್‌ನಲ್ಲಿ "ಹೋಗ್ತಾ ಇದೀವಿ" ಎಂದವರೂ ಬಾಗಿಲಲ್ಲಿ ನಿಂತವರನ್ನು ನೋಡಿದಾಗಲೇ ಚಪ್ಪಲಿ ಹಾಕಿಕೊಳ್ಳುವುದು. ಎರಡರಿಂದ ಮೂರೂವರೆ ಹೊತ್ತಿನಲ್ಲಿ ನಮ್ಮ ಕಾರ್ಯಕರ್ತರು ಊಟ ಮಾಡಿ ಸುಸ್ತಾಗಿ ಕೂರುತ್ತಾರೆ. ಆ ಒಂದೂವರೆ ಗಂಟೆಯಲ್ಲೇ ನಾವು 2015ರಲ್ಲಿ ಜಾಸ್ತಿ ಕಳೆದುಕೊಂಡೆವು. ಊಟವನ್ನು ಸರದಿಯಲ್ಲಿ ಮಾಡಿ.

ಹೆಸರು ಸಿಗಲಿಲ್ಲ ಎಂದು ವಾಪಸ್ ಬರುವವರನ್ನು ಹಾಗೇ ಕಳಿಸಬೇಡಿ. ಎಪಿಕ್ ನಂಬರ್ ಹಾಕಿ ಹುಡುಕಿ. ಪಕ್ಕದ ಬೂತ್‌ನಲ್ಲಿ ಇರಬಹುದು. ಅವರ ಹೆಸರಿನಲ್ಲಿ ಯಾರೋ ಮೊದಲೇ ಮತ ಹಾಕಿಬಿಟ್ಟಿದ್ದರೆ ಟೆಂಡರ್ ಮತಪತ್ರ (ಬೇರೆಯಾಗಿ ಎತ್ತಿಡುವ ಮತಪತ್ರ) ಕೇಳುವ ಹಕ್ಕು ಅವರಿಗಿದೆ. ಸಂಜೆ ಮುಗಿಯುವ ಹೊತ್ತಿಗೆ ಸಾಲಿನಲ್ಲಿ ನಿಂತವರಿಗೆಲ್ಲ ಮತ ಹಾಕಲು ಬಿಡುತ್ತಾರೆ. ಕೊನೆಯ ಹತ್ತು ನಿಮಿಷದಲ್ಲೂ ಓಡಿ ಬರಲು ಹೇಳಿ.

ಮರುದಿನ

ನಿದ್ದೆ ಮಾಡಿ. ಅದರ ಮರುದಿನ ನೋಟ್‌ಬುಕ್ ತೆಗೆಯಿರಿ. ಎಣಿಕೆ ಮುಗಿಯುವುದಕ್ಕೆ ಮುಂಚೆಯೇ ಟಿಕ್ ಬೀಳದ ಮನೆಗಳಿಗೆ ಹೋಗಿ. ಗೆದ್ದ ಮೇಲೆ ಹೋದರೆ ಅವರು ಮುಜುಗರದಿಂದ ಸುಳ್ಳು ಹೇಳುತ್ತಾರೆ, ಸೋತ ಮೇಲೆ ಹೋದರೆ ನಿಮಗೆ ಕೋಪ ಇರುತ್ತದೆ. ಬಂದವರಿಗೆ ಥ್ಯಾಂಕ್ಸ್ ಹೇಳಿ, ಬರದವರಿಗೆ ಕಾರಣ ಕೇಳಿ, ಒಂದೊಂದು ಹೆಸರಿನ ಮುಂದೆ ಬರೆದುಕೊಳ್ಳಿ: ಹೆಸರಿಲ್ಲ, ಬೂತ್ ಸಿಗಲಿಲ್ಲ, ಊರಲ್ಲಿರಲಿಲ್ಲ, ಮನಸ್ಸಾಗಲಿಲ್ಲ. ಹೆಸರಿಲ್ಲ ಎಂದ ಮನೆಯಲ್ಲಿ ಅಲ್ಲೇ ಕೂತು, ಅವರ ಕಾಫಿ ಕುಡಿಯುತ್ತಾ, ಅವತ್ತೇ ಫಾರ್ಮ್ ತುಂಬಿಸಿ.